ಹಕಾರವಿಲ್ಲದ ಊರಿನ ದೊಡ್ಡ ಟೀಚರ್

ರಬ್ಬರಿನ ಬಿಸಿನೀರಿನ ಚೀಲಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಹೊಸದರಲ್ಲಿ ಬರೀ ಸೈಕಲ್ ಟ್ಯೂಬಿನ ವಾಸನೆ. ಬಿಸಿನೀರು ಬಿದ್ದಮೇಲೆ, ಮೇಲೆ ಸುತ್ತಿದ ಹಳೆಯ ಟವೆಲಿನ ವಾಸನೆಯೂ ಸೇರಿ ಇನ್ನೇನೋ ಆಗುತ್ತದೆ. ಈಚೆಗೆ ನಮ್ಮ ಯಜಮಾನರು ಬಂಗಾರಪೇಟೆ ಬಜಾರಿನ ಮೆಡಿಕಲ್ ಅಂಗಡಿಯಿಂದ ಅಂಥದೊಂದು ಕೆಂಪು ಚೀಲ ತಂದರು. ನೀರು ತುಂಬಿ, ಮುಚ್ಚಳ ಸರಿಯಾಗಿ ತಿರುಗಿಸದೆ ಅರ್ಧ ಹಾಸಿಗೆ ನೆನೆಸಿ, ಕೊನೆಗೂ ಅದನ್ನು ನನ್ನ ಸೊಂಟದ ಕೆಳಗೆ ಇಟ್ಟರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನ ಒಂದು ಮನೆಯ ಮುಂದಿನ ಕೋಣೆ, ಅಲ್ಲಿನ ಕಬ್ಬಿಣದ ಮಂಚ, ಎಲ್ಲ ನೆನಪಾಯಿತು...

ನನಗೆ ಗರ್ಭಕೋಶದ ಆಪರೇಷನ್ ಆಗಿತ್ತು. ದೊಡ್ಡ ಸಂಗತಿಯೇನಲ್ಲ, ನನ್ನ ವಯಸ್ಸಿನ ಎಷ್ಟೋ ಹೆಂಗಸರಿಗೆ ಆಗಿರುತ್ತದೆ. ಡಾಕ್ಟರಮ್ಮ ಮಾತ್ರ ಕಟ್ಟುನಿಟ್ಟಾಗಿ ಹೇಳಿದ್ದರು: ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ, ಗಾಡಿಯಲ್ಲಿ ಕುಲುಕಾಡಬೇಡಿ, ಮಲಗಿ. ಇಷ್ಟು ವರ್ಷ ಮೇಷ್ಟರಗಿರಿ ಮಾಡಿದವಳಿಗೆ ಮಲಗಿ ಅನ್ನುವುದು ಶಿಕ್ಷೆಯ ಹಾಗೆ ಕೇಳಿಸುತ್ತದೆ. ಆದರೂ ಮಲಗಿದ್ದೆ. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಇವರು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, "ಒಂದ್ ವಿಸ್ಯ" ಅಂದರು. ದೊಡ್ಡ ಟೀಚರ್ ತೀರಿಕೊಂಡಿದ್ದರು. ಅದೂ ಮೊನ್ನೆಯಲ್ಲ, ನಾನು ಆಸ್ಪತ್ರೆಯಲ್ಲಿದ್ದಾಗಲೇ. ಮಣ್ಣೂ ಆಗಿಹೋಗಿತ್ತು. ಇವರೊಬ್ಬರೇ ಹೋಗಿ ಬಂದು, ನನ್ನ ಮುಂದೆ ಏನೂ ಆಗದವರ ಹಾಗೆ ಕಿತ್ತಳೆ ಸುಲಿದುಕೊಟ್ಟಿದ್ದರು.

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಯಾರು ಕೊಟ್ಟರು ಇವರಿಗೆ ಈ ಅಧಿಕಾರ? ನನ್ನ ತಾಯಿಯ ನಂತರ ಈ ಲೋಕದಲ್ಲಿ ನನಗೆ ಅಂತ ಇದ್ದವರು ಅವರು. ಒಂದು ಹಿಡಿ ಮಣ್ಣು ಹಾಕುವುದಕ್ಕಾದರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಬಹುದಿತ್ತು. ನಾನು ಇವರ ಜೊತೆ ಮಾತು ಬಿಟ್ಟೆ. ಕಾಫಿ ಬೇಕಾದರೆ ಲೋಟವನ್ನು ಟೇಬಲ್ಲಿನ ಮೇಲೆ ಕುಟ್ಟುತ್ತಿದ್ದೆ, ಇವರು ಮಾತಿಲ್ಲದೆ ತಂದಿಡುತ್ತಿದ್ದರು. ಅಷ್ಟರಲ್ಲಿ ದೊಡ್ಡ ಟೀಚರ ಮಗಳು ಫೋನ್ ಮಾಡಿದಳು. ಬರುವ ಭಾನುವಾರ ಮಧ್ಯಾಹ್ನ ಚರ್ಚಿನಲ್ಲಿ ಸ್ಮರಣೆಯ ಪ್ರಾರ್ಥನೆ ಇದೆ ಅಂದಳು. ಫೋನ್ ಇಟ್ಟವಳೇ ನಾನು ನಿರ್ಧಾರ ಮಾಡಿದೆ. ಮಣ್ಣಿಗಂತೂ ತಪ್ಪಿತು, ಇದಕ್ಕೆ ತಪ್ಪಿಸುವುದಿಲ್ಲ. ಗಾಯ ಬಿಟ್ಟುಕೊಂಡರೆ ಮತ್ತೆ ಹೊಲಿಗೆ ಹಾಕಿಸಿಕೊಂಡರಾಯಿತು.

ನಮ್ಮದು ಗದಗಿನ ಕಡೆ. ಅಪ್ಪನಿಗೆ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಮನೆಯವರೆಲ್ಲ ಈ ಕಡೆ ಬಂದಾಗ ನಾನು ಅಜ್ಜಿಯ ಹತ್ತಿರ ಉಳಿದೆ. ಟೀಚರ್ ಟ್ರೇನಿಂಗ್ ಮುಗಿಸಿಕೊಂಡು ಆಮೇಲೆ ಬಂದೆ. ಬಂದ ಹೊಸದರಲ್ಲೇ ಚಾಂಪಿಯನ್ ರೀಫ್ಸಿನಲ್ಲಿ ಚರ್ಚಿನ ಪಕ್ಕದ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು, ಅಪ್ಪ ಅಮ್ಮಂದಿರು, ಅಂಚೆಯವನು, ಎಲ್ಲರೂ ದೊಡ್ಡ ಟೀಚರ್ ಅನ್ನುತ್ತಿದ್ದರು. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಿದ್ದರು. ಹುಟ್ಟಿದ್ದು ಕಾಮಸಮುದ್ರದ ಹತ್ತಿರದ ಹಳ್ಳಿ, ಮನೆಮಾತು ತೆಲುಗು, ಬೀದಿಯಲ್ಲಿ ತಮಿಳು, ಪಾಠದಲ್ಲಿ ಕನ್ನಡ. ಪ್ರಾರ್ಥನೆ ಮಾತ್ರ ತೆಲುಗಿನಲ್ಲೇ. ಬೇರೆ ಭಾಷೆಯಲ್ಲಿ ಕೇಳಿದರೆ ದೇವರ ಹತ್ತಿರ ಸಂಕೋಚ ಆಗುತ್ತದೆ ಅನ್ನುತ್ತಿದ್ದರು.

ಆ ಶಾಲೆಯಲ್ಲಿ ನನಗೆ ಒಂದೇ ಒಂದು ಜಗಳ, ಅದು ಹಕಾರದ ಜೊತೆ. ಮಕ್ಕಳ ಬಾಯಲ್ಲಿ 'ಹ' ಅನ್ನುವುದೇ ಇರಲಿಲ್ಲ. ಅಸು ಆಲು ಕೊಡುತ್ತದೆ. ಊವು ಅರಳಿದೆ. ನಾನು ಗದರಿಸಿದರೆ ಹೆದರಿ, ಬೇಡದ ಕಡೆಯೆಲ್ಲ ಹಕಾರ ತುಂಬಿ, 'ಹಮ್ಮ ಹಡಿಗೆ ಮಾಡಿದಳು' ಎಂದು ಬರೆಯುತ್ತಿದ್ದವು. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಉಸಿರು ತಾಗುವವರೆಗೂ 'ಹ' ಅನ್ನಿಸುತ್ತಿದ್ದೆ. ಮಜಾ ಅಂದರೆ ದೊಡ್ಡ ಟೀಚರೂ ಹಾಗೇ. ಪಾಠಕ್ಕೆ ನಿಂತರೆ ಹಸು, ಹಾಲು, ಹೂವು, ಎಲ್ಲ ಅಚ್ಚುಕಟ್ಟು. ಬಾಗಿಲು ದಾಟಿದರೆ, "ಓಗ್ಬಾಮ್ಮಾ, ಉಸಾರು" ಎಂದು ಎಲ್ಲವನ್ನೂ ಅಲ್ಲೇ ಬಿಟ್ಟುಬಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ನಕ್ಕು, "ಅದು ಇಸ್ಕೂಲ್ದು ಕಣಮ್ಮಾ, ಮನೇಗ್ಯಾಕೆ ಎತ್ಕೊಂಡೋಗ್ಬೇಕು?" ಅಂದರು.

ಟ್ರೇನಿಂಗಿನಲ್ಲಿ ಕಲಿತದ್ದನ್ನು ನಾನು ಬೇಗ ಮರೆತೆ. ಪಾಠ ಮಾಡುವುದನ್ನು ಕಲಿತದ್ದು ಅವರಿಂದಲೇ. ಒಮ್ಮೆ ಕ್ಲಾಸಿನಲ್ಲಿ ತೂಕಡಿಸುತ್ತಿದ್ದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದ್ದೆ. ದೊಡ್ಡ ಟೀಚರ್ ಬಂದು ಅವಳನ್ನು ಕೂರಿಸಿ, ತಲೆಯನ್ನು ಬೆಂಚಿಗೆ ಒರಗಿಸಿ ಹೋದರು. ನನಗೆ ಅವಮಾನವಾಯಿತು. ಊಟದ ಹೊತ್ತಿಗೆ ತಾವಾಗಿಯೇ ವಿವರಿಸಿದರು. ಆ ಹುಡುಗಿಯ ಅಪ್ಪನಿಗೆ ಗಣಿಯಲ್ಲಿ ರಾತ್ರಿ ಶಿಫ್ಟು, ಇರುವುದು ಒಂದೇ ಕೋಣೆ, ಅವನು ನಸುಕಿಗೇ ಬಂದರೆ ಮಕ್ಕಳು ಹಾಸಿಗೆ ಬಿಟ್ಟುಕೊಟ್ಟು ಹೊರಗೆ ಬರಬೇಕು. ಆಗ ಗಣಿಗಳು ಇನ್ನೂ ನಡೆಯುತ್ತಿದ್ದವು. ಆ ಸಾಲುಮನೆಗಳ ಬೀದಿಯಲ್ಲಿ ಹಗಲು ಹೊತ್ತು ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಯಾವ ಮನೆಯಲ್ಲಿ ಯಾವ ಗಂಡಸು ಮಲಗಿದ್ದಾನೆ ಎಂದು ಸೊಪ್ಪು ಮಾರುವವಳಿಗೂ ಗೊತ್ತಿರುತ್ತಿತ್ತು. ದೊಡ್ಡ ಟೀಚರ ಗಂಡನೂ ಗಣಿಯೊಳಗೆ ಇಳಿಯುತ್ತಿದ್ದವರು. ಕಲ್ಲಿನ ಧೂಳು ಎದೆಗೆ ಕೂತು, ನಾನು ಬರುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಅಷ್ಟು ವರ್ಷ ಒಬ್ಬ ಮನುಷ್ಯನ ನಿದ್ದೆ ಕಾದವರು ಅವರು, ನಿದ್ದೆಯ ವಿಷಯಕ್ಕೆ ಬಂದರೆ ಯಾರ ಮಾತೂ ಕೇಳುತ್ತಿರಲಿಲ್ಲ.

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ನನಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಬಿಸಿ. ರವಿಕೆಗಳೆಲ್ಲ ಸಡಿಲವಾದವು. ಊರಿನ ನೀರು ಒಗ್ಗಿಲ್ಲ ಎಂದಳು ಅವ್ವ, ನಾನೂ ಹಾಗೇ ಅಂದುಕೊಂಡೆ. ದಸರಾ ರಜೆಯ ಹಿಂದಿನ ದಿನ ಪಾಠದ ನಡುವೆ ಕೆಮ್ಮು ತಡೆಯಲಾಗದೆ ಹಿಂದಿನ ಕೋಣೆಗೆ ಹೋಗಿ ಬೆಂಚಿನ ಮೇಲೆ ಒರಗಿದೆ. ಕರವಸ್ತ್ರ ತೆಗೆದು ನೋಡಿದರೆ ರಕ್ತ. ದೊಡ್ಡ ಟೀಚರ್ ಹಿಂದೆಯೇ ಬಂದಿದ್ದರು, ಅವರೂ ನೋಡಿದರು. ಪಕ್ಕದಲ್ಲೇ ಮಕ್ಕಳಿದ್ದವಲ್ಲ, ದನಿ ಇಳಿಸಿ, ನನ್ನ ಭುಜ ಒತ್ತಿ, "ಏಳ್ಬೇಡಮ್ಮಾ. ನಾನು ಬರೋವರ್ಗೂ ಏಳ್ಬೇಡ" ಎಂದು ಹೇಳಿ ಸರಸರ ಹೊರಗೆ ಹೋದರು.

ಅವರು ಹೇಳಿದ್ದು, ಮೇಲೇಳಬೇಡ, ಗಾಡಿ ತರುತ್ತೇನೆ ಎಂದು. ಹಕಾರ ನುಂಗುವ ಊರಿನಲ್ಲಿ ಅಷ್ಟು ತಿಂಗಳು ಕಳೆದಿದ್ದ ನಾನು, ಅವರು ನುಂಗಿದ್ದಾರೆ ಎಂದುಕೊಂಡ ಹಕಾರವನ್ನು ನಾನೇ ಹಾಕಿಕೊಂಡು ಕೇಳಿದೆ. ಹೇಳಬೇಡ, ನಾನು ಬರುವವರೆಗೂ ಯಾರಿಗೂ ಹೇಳಬೇಡ! ಅದಕ್ಕೇ ಇರಬೇಕು ಗುಟ್ಟಾಗಿ ಹೇಳಿದ್ದು ಎಂದುಕೊಂಡೆ. ಇಷ್ಟು ದೊಡ್ಡವರು ಹೇಳಬೇಡ ಅಂದರೆ ಅದರಲ್ಲಿ ಏನೋ ಅರ್ಥವಿರುತ್ತದೆ. ಎದ್ದು ಮುಖ ತೊಳೆದು, ಕರವಸ್ತ್ರ ಹಿಂಡಿ ಚೀಲಕ್ಕೆ ಹಾಕಿಕೊಂಡು, ಹಿಂದಿನ ಬಾಗಿಲಿನಿಂದಲೇ ಮನೆಗೆ ಹೋದೆ. ಅವರು ಆಟೋ ತೆಗೆದುಕೊಂಡು ಬರುವಷ್ಟರಲ್ಲಿ ಬೆಂಚು ಖಾಲಿ. ಮನೆಯವರು ಬಂದು ಕರೆದುಕೊಂಡು ಹೋಗಿರಬೇಕು ಎಂದುಕೊಂಡರಂತೆ. ಅದೇ ಸಂಜೆ ಅವರ ಊರಿನಿಂದ ಸಾವಿನ ಸುದ್ದಿ ಬಂದು ಕಾಮಸಮುದ್ರದ ಬಸ್ಸು ಹತ್ತಿದರು.

ರಜೆ ಪೂರ್ತಿ ನಾನು ಬಾಯಿ ಬಿಡಲಿಲ್ಲ. ಮತ್ತೆ ಮತ್ತೆ ರಕ್ತ ಬಂತು, ಬಚ್ಚಲಿಗೆ ಹೋಗಿ ನೀರು ಹೊಯ್ದೆ. ನಮ್ಮ ಕ್ವಾರ್ಟರ್ಸಿನಲ್ಲಿ ತಮ್ಮ ತಂಗಿಯರ ಜೊತೆ ಒಂದೇ ಚಾಪೆ. ಯಾಕೋ ಅವರ ಕಡೆಗೆ ಬೆನ್ನು ಮಾಡಿ ಮಲಗಬೇಕು ಅನ್ನಿಸುತ್ತಿತ್ತು. ದೊಡ್ಡ ಟೀಚರ್ ಬರುತ್ತಾರೆ, ಬಂದು ಹೇಳುತ್ತಾರೆ ಎಂದು ಬಾಗಿಲು ನೋಡುತ್ತಿದ್ದೆ. ಭಯ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೂ ಅವರ ಮಾತಿನ ಮೇಲಿದ್ದ ನಂಬಿಕೆ ಆ ಭಯಕ್ಕಿಂತ ದೊಡ್ಡದಿತ್ತು...

ರಜೆ ಮುಗಿಯುವ ಹಿಂದಿನ ದಿನ ದೊಡ್ಡ ಟೀಚರ್ ಬಂದರು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಬಂದವರೇ ಅವ್ವನನ್ನು, "ಡಾಕ್ಟ್ರು ಏನಂದ್ರಮ್ಮಾ?" ಅಂದರು. ಅವ್ವ, "ಯಾವ ಡಾಕ್ಟರ್ರೀ?" ಅಂದಳು. ಅಲ್ಲಿಗೆ ಎಲ್ಲ ಹೊರಬಿತ್ತು. ನೀವೇ ಹೇಳಬೇಡ ಅಂದಿದ್ದಿರಲ್ಲ ಎಂದೆ ನಾನು.

"ನಾನ್ಯಾಕಮ್ಮಾ ಅಂಗಂತೀನಿ? ಮೇಲಕ್ಕೆ ಏಳ್ಬೇಡ ಅಂದೆ, ಮೇಲಕ್ಕೆ" ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಅವ್ವ ಮಾತ್ರ ನನ್ನ ಮೇಲೆ ಹರಿಹಾಯ್ದಳು. "ಇಷ್ಟ ದಿನಾ ಬಾಯಿ ಹೊಲಕೊಂಡ ಕುಂತಿದ್ಯೇನ ಯವ್ವಾ? ಮನ್ಯಾಗ ಸಣ್ಣ ಹುಡುಗರದಾವ" ಎಂದು ತಲೆ ಚಚ್ಚಿಕೊಂಡಳು.

ಎದೆಯ ಫೋಟೋ ತೆಗೆಸಿದರು. ಟೀಬಿ. ತಿಂಗಳುಗಟ್ಟಲೆ ಮಾತ್ರೆ, ಗಾಳಿಯಾಡುವ ಬೇರೆ ಕೋಣೆ, ಒಳ್ಳೆಯ ಊಟ, ವಿಶ್ರಾಂತಿ ಎಂದರು. ಆ ಕಾಲಕ್ಕೆ ಮದುವೆಯಾಗದ ಹುಡುಗಿಗೆ ಟೀಬಿ ಅಂದರೆ ಮುಗಿಯಿತು. ಊರಿಗೆ ಕರೆದುಕೊಂಡು ಹೋಗಿ ಅಜ್ಜಿಯ ಮನೆಯಲ್ಲಿ ಬಚ್ಚಿಡುವುದು ಅವ್ವನ ಲೆಕ್ಕ. ಅಲ್ಲಿ ಮಾತ್ರೆ ಯಾರು ಕೊಡುತ್ತಿದ್ದರು? ಯಾವುದೋ ಕಷಾಯ ಕುಡಿಸಿ ಸಾಯಿಸುತ್ತಿದ್ದರು, ಅಷ್ಟೇ. ದೊಡ್ಡ ಟೀಚರ್, "ನಮ್ಮನೇಲಿ ಮಗಳ ಕೋಣೆ ಖಾಲಿ ಐತೆ, ಅವ್ಳು ಆಸ್ಟೆಲಲ್ಲಿ ಓದ್ತಾವಳೆ. ಇವ್ಳನ್ನ ನಂಗೆ ಕೊಡಿ" ಅಂದರು. ಅವ್ವನಿಗೆ ಇನ್ನೊಂದು ಹೆದರಿಕೆ ಇತ್ತು. ಅದನ್ನು ಮುಚ್ಚಿಡಲಿಲ್ಲ. "ನಿಮ್ಮ ಮನ್ಯಾಗ ಇಟ್ರ ನಿಮ್ಮ ಧರ್ಮಕ್ಕ ಎಳಕೊಳ್ಳಂಗಿಲ್ಲಲ್ಲರೀ?" ಎಂದು ಕೇಳಿಯೇಬಿಟ್ಟಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಮೊದ್ಲು ಉಸಿರು ಎಳ್ಕೊಳ್ಲಿ ಬಿಡಮ್ಮಾ" ಅಂದರು.

ಹೀಗೆ ನಾನು ಆ ಮುಂದಿನ ಕೋಣೆಗೆ ಬಂದೆ. ಟವೆಲು ಸುತ್ತಿ ನನ್ನ ಎದೆಗೆ ಇಡುತ್ತಿದ್ದ ಬಿಸಿನೀರಿನ ಚೀಲ ಅವರ ಗಂಡನದು, ಎದೆನೋವಿಗೆ ಇಟ್ಟುಕೊಳ್ಳುತ್ತಿದ್ದರಂತೆ. ರಬ್ಬರು ಬಿರುಕು ಬಿಟ್ಟಿತ್ತು. ಮೊದಲ ಸಲ ಮಾತ್ರೆ ನುಂಗಿದಾಗ ಮೂತ್ರ ಕೆಂಪಗೆ ಬಂದದ್ದು ನೋಡಿ, ರಕ್ತ ಕೆಳಗೂ ಇಳಿಯಿತು, ಸತ್ತೆ ಎಂದು ಕೂಗಿಕೊಂಡೆ. ಅವರು ರೊಟ್ಟಿ ತಟ್ಟುತ್ತಿದ್ದಲ್ಲಿಂದಲೇ, ಅದು ಮಾತ್ರೆಯ ಬಣ್ಣ, ಸುಮ್ಮನೆ ಮಲಗು ಅಂದರು. ಡಾಕ್ಟರು ಮೊಟ್ಟೆ ತಿನ್ನಲು ಹೇಳಿದ್ದರು. ನಮ್ಮಲ್ಲಿ ತಿನ್ನುವುದಿಲ್ಲ ಎಂದು ಅವ್ವ ಹೇಳಿದ್ದಳು. ಅವರ ಅಡುಗೆಮನೆಯಲ್ಲಿ ಯಾರು ನೋಡುತ್ತಿದ್ದರು? ಆದರೂ ಒಂದು ದಿನವೂ ಮೊಟ್ಟೆ ಒಡೆಯಲಿಲ್ಲ. ರಾಗಿ ಗಂಜಿ, ಹಾಲು, ಕಡಲೆಕಾಯಿ, ಹೆಸರುಕಾಳು ತಿನ್ನಿಸಿ ತಿನ್ನಿಸಿ ನನ್ನನ್ನು ದಪ್ಪ ಮಾಡಿದರು. ಬೆಳಿಗ್ಗೆ ಮಾತ್ರೆಯ ಜೊತೆಗೆ, "ಇಬೂತಿ ಅಚ್ಕೊಂಡ್ಯಾ?" ಎಂದು ನೆನಪಿಸುತ್ತಿದ್ದರು. ಅವ್ವ ಕೊಟ್ಟ ವಿಭೂತಿಯ ಗಟ್ಟಿ ಮಾತ್ರೆಯ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ಆಮೇಲೆ ನನ್ನ ಮಂಚದ ಪಕ್ಕ ನಿಂತು, ಕಣ್ಣು ಮುಚ್ಚಿ, ತೆಲುಗಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ನಾನು ಕಣ್ಣು ತೆರೆದುಕೊಂಡು ಅವರ ಮುಖ ನೋಡುತ್ತಿದ್ದೆ. ತೆಲುಗು ಬಾರದಿದ್ದರೂ ನನ್ನ ಹೆಸರು ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ. ಬರುತ್ತಿತ್ತು. ಪ್ರತಿ ಸಲವೂ.

ಆಮೇಲೆ ಶಾಲೆಗೆ ಹೋಗಿ, ಅವರ ಕ್ಲಾಸಿಗೂ ನನ್ನ ಕ್ಲಾಸಿಗೂ ನಡುವಿನ ಬಾಗಿಲಲ್ಲಿ ನಿಂತು ಎರಡಕ್ಕೂ ಪಾಠ ಮಾಡುತ್ತಿದ್ದರು. ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲು ಬಿಡಲಿಲ್ಲ. ನನಗೆ ನಾಚಿಕೆ. ಎದ್ದು ಕಸ ಗುಡಿಸಿದರೆ ಬೈಗುಳ, ಪಾತ್ರೆ ಮುಟ್ಟಿದರೆ ಬೈಗುಳ. ಒಂದು ಸಲ ನಾನು ಅತ್ತುಕೊಂಡೇ, ಇನ್ನೊಬ್ಬರು ದುಡಿಯುವಾಗ ನಾನು ಹೇಗೆ ಬಿದ್ದುಕೊಂಡಿರಲಿ ಎಂದೆ. ಅವರು ಕೂತು ನಿಧಾನವಾಗಿ ಹೇಳಿದರು. ಅವರ ಗಂಡನಿಗೂ ಡಾಕ್ಟರು ಮಲಗು ಎಂದಿದ್ದರಂತೆ. ಅವರು ಮಾನವಂತರು, ಮಲಗಲಿಲ್ಲ. ಸೌದೆ ಒಡೆಯುತ್ತಾ, ನೀರು ಹೊರುತ್ತಾ ಹೋಗಿಬಿಟ್ಟರು. "ದೇವ್ರೇ ಆರು ದಿನ ಕೆಲ್ಸ ಮಾಡಿ ಒಂದು ದಿನ ಕೂತ್ಕೊಂಡ. ನೀನೂ ನಮ್ಮನೆಯವ್ರೂ ಆ ದೇವ್ರಿಗಿಂತ ದೊಡ್ಡೋರು" ಅಂದರು. ಅದು ತಮಾಷೆ ಆಗಿರಲಿಲ್ಲ, ನಿಜವಾದ ಸಿಟ್ಟಿನಲ್ಲೇ ಅಂದದ್ದು.

ಪ್ರತಿ ಭಾನುವಾರ ಅವರು ತಾವು ಹೇಳಿದ ಹಾಗೇ ನಡೆಯುತ್ತಿದ್ದರು. ಶನಿವಾರವೇ ಸಾರು, ಹುಳಿ ಎಲ್ಲ ಮಾಡಿ ಮುಗಿಸುತ್ತಿದ್ದರು. ಬೆಳಿಗ್ಗೆ ಚರ್ಚು, ಬಂದು ಊಟ, ಆಮೇಲೆ ಬಾಗಿಲಿಗೆ ಅಗುಳಿ. ಯಾರು ಬಂದು ಕೂಗಿದರೂ ಉತ್ತರವಿಲ್ಲ. ಪಕ್ಕದ ಕೋಣೆಯಿಂದ ಅವರ ಗೊರಕೆ ಕೇಳುತ್ತಿತ್ತು. ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಆಮೇಲಾಮೇಲೆ ಆ ಗೊರಕೆ ಕೇಳಿಸಿದರೇನೇ ನನಗೂ ನಿದ್ದೆ ಹತ್ತುತ್ತಿತ್ತು...

ವಾಸಿಯಾಯಿತು. ತಮ್ಮ ತಂಗಿಯರಿಗೂ ಪರೀಕ್ಷೆ ಮಾಡಿಸಿದ್ದರು, ಪುಣ್ಯಕ್ಕೆ ಯಾರಿಗೂ ತಗಲಿರಲಿಲ್ಲ. ನಾನು ಮತ್ತೆ ಶಾಲೆಗೆ ಹೋದೆ. ಕೆಲವು ವರ್ಷಗಳ ಮೇಲೆ ಬಂಗಾರಪೇಟೆಯಿಂದ ಗಂಡು ನೋಡಲು ಬಂದರು. ಹಳೆಯ ಕಾಯಿಲೆಯ ಮಾತು ಎತ್ತಕೂಡದು ಎಂದು ಅವ್ವ ಎಲ್ಲರಿಗೂ ತಾಕೀತು ಮಾಡಿದ್ದಳು. ದೊಡ್ಡ ಟೀಚರ್ ಹುಡುಗನನ್ನು ಪಕ್ಕಕ್ಕೆ ಕರೆದು, ಇವಳಿಗೆ ಟೀಬಿ ಬಂದಿತ್ತು, ವಾಸಿಯಾಗಿದೆ, ಬೇಕಾದರೆ ನನ್ನ ಜೊತೆ ಡಾಕ್ಟರ ಹತ್ತಿರ ಬಾ ಎಂದರಂತೆ. ಹುಡುಗ ಡಾಕ್ಟರ ಹತ್ತಿರ ಹೋಗಲಿಲ್ಲ. ಇಷ್ಟು ನಿಜ ಹೇಳೋರು ಮಿಕ್ಕಿದ್ದನ್ನೂ ನಿಜಾನೇ ಹೇಳಿರ್ತಾರೆ ಎಂದು ಒಪ್ಪಿಕೊಂಡರು. ಅವರೇ ನಮ್ಮ ಯಜಮಾನರು. ಅಂದಿನಿಂದ ಇವರಿಗೆ ದೊಡ್ಡ ಟೀಚರ ಮಾತೆಂದರೆ ಮಾತು.

ನನ್ನ ಮದುವೆಯಾದ ಮೇಲೆ ಗಣಿಗಳು ಮುಚ್ಚಿದವು, ಮಕ್ಕಳು ಕಮ್ಮಿಯಾಗಿ ಆ ಶಾಲೆಯೂ ನಿಂತಿತು. ನಾನು ಬಂಗಾರಪೇಟೆಯಲ್ಲೇ ಕೆಲಸಕ್ಕೆ ಸೇರಿಕೊಂಡೆ. ಅವರು ಮಗಳ ಜೊತೆ ಅದೇ ಮನೆಯಲ್ಲಿ ಉಳಿದರು. ಕ್ರಿಸ್‌ಮಸ್ಸಿಗೆ ಅಚ್ಚುಮುರುಕು ಬರುತ್ತಿತ್ತು, ಯುಗಾದಿಗೆ ಇಲ್ಲಿಂದ ಹೋಳಿಗೆ ಹೋಗುತ್ತಿತ್ತು. ಆಪರೇಷನ್ನಿಗೆ ಮುಂಚೆ ಫೋನಿನಲ್ಲೇ ಪ್ರಾರ್ಥನೆ ಮಾಡಿದರು. ದನಿ ನಡುಗುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆ. ಅವರ ಹೃದಯ ಕೈಕೊಡುತ್ತಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಭಾನುವಾರ ಬಂತು. ನಾನು ಗೋಡೆ ಹಿಡಿದುಕೊಂಡೇ ಸ್ನಾನ ಮಾಡಿ, ಬಿಳಿ ಹತ್ತಿ ಸೀರೆ ಉಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, ಮಾತು ಬಿಟ್ಟಿದ್ದವಳು ಮೊದಲ ಬಾರಿಗೆ ಬಾಯಿ ತೆರೆದೆ. ನೀವು ಕಾರು ತರದಿದ್ದರೆ ನಡೆದುಕೊಂಡಾದರೂ ಹೋಗುತ್ತೇನೆ ಎಂದೆ. ಇವರು ಏನೋ ಹೇಳಲು ಬಂದು ನುಂಗಿಕೊಂಡು, "ಆಯ್ತು, ಓಗೋಣ" ಎಂದು ಅಂಗಿ ಹಾಕಿಕೊಂಡು ಕಾರಿಗೆ ಹೋದರು. ಅಷ್ಟು ಹೊತ್ತು ಕೂತಿದ್ದಕ್ಕೇ ನನ್ನ ಹೊಟ್ಟೆ ಎಳೆಯುತ್ತಿತ್ತು. ಹೊರಟಿದ್ದೇವೆ ಎಂದು ಹೇಳೋಣ ಎಂದು ದೊಡ್ಡ ಟೀಚರ ಮಗಳಿಗೆ ಫೋನ್ ಮಾಡಿದೆ.

ಅವಳು, "ಬರ್ಬೇಡಕ್ಕಾ, ಗೊತ್ತಿರ್ಲಿ ಅಂತ ಫೋನ್ ಮಾಡಿದ್ದೆ ಅಷ್ಟೇ. ಅಮ್ಮ ಅಂದಿದ್ದನ್ನ ಅಣ್ಣ ನಿಮ್ಗೆ ಏಳಿಲ್ವಾ?" ಅಂದಳು. ಏನು ಅಂದಿದ್ದರು ಎಂದೆ. ಅವಳು ಹೇಳಿದಳು. ಕೊನೆಯ ದಿನ ಅವರಿಗೆ ಪ್ರಜ್ಞೆ ಚೆನ್ನಾಗಿಯೇ ಇತ್ತು. ನನಗೆ ಆಪರೇಷನ್ ಆಯಿತು ಎಂದು ತಿಳಿದಮೇಲೆ ಇವರಿಗೆ ಫೋನ್ ಹಚ್ಚಿಸಿಕೊಂಡು ತಾವೇ ಮಾತಾಡಿದರಂತೆ. ನಾನಿರೋದು ಇನ್ನು ಇವತ್ತೋ ನಾಳೆಯೋ, ಹೊಲಿಗೆ ಬಿಚ್ಚೋ ತನಕ ಅವಳ ಕಿವಿಗೆ ಬೀಳಕೂಡದು, ಬಿದ್ದರೆ ಎದ್ದು ಬಂದುಬಿಡುತ್ತಾಳೆ, ನನಗಾಗಿ ಅವಳು ಕೆಡೋದು ಬೇಡ ಅಂದರಂತೆ. ಇವರ ಕೈಲಿ ಹಾಗೇ ಮಾಡುತ್ತೇನೆ ಅನ್ನಿಸಿಕೊಂಡು ಫೋನ್ ಇಟ್ಟರಂತೆ.

ಇವರು ಕಾರು ತಂದು ನಿಲ್ಲಿಸಿ, ಬಾಗಿಲಲ್ಲಿ ಬಂದು ನಿಂತಿದ್ದರು. ಇಷ್ಟು ದಿನ ನನ್ನ ಸಿಟ್ಟು ತಡೆದುಕೊಂಡಿರಲ್ಲ, ದೊಡ್ಡ ಟೀಚರೇ ಅಂದದ್ದು ಎಂದು ಒಂದು ಮಾತು ಯಾಕೆ ಹೇಳಲಿಲ್ಲ ಎಂದೆ.

ಇವರು ಬೀಗದಕೈ ಕಡೆ ನೋಡುತ್ತಾ, "ಓದೋರ ಮ್ಯಾಲೆ ಕ್ವಾಪ ಬಂದ್ರೆ ಎಲ್ ಓಗಿ ಜಗಳ ಆಡ್ತೀಯ? ನನ್ ಮ್ಯಾಲಾದ್ರೆ ಇಲ್ಲೇ ಆಡ್ಬೋದಲ್ಲ" ಅಂದರು.

ನಮ್ಮಿಬ್ಬರ ಪರವಾಗಿ ಇವರನ್ನೊಬ್ಬರನ್ನೇ ಚಾಂಪಿಯನ್ ರೀಫ್ಸಿಗೆ ಕಳಿಸಿದೆ. ಗೇಟು ಹಾಕಿದ ಸದ್ದು ಕೇಳಿಸಿತು. ಸೀರೆ ಬದಲಿಸುವಷ್ಟೂ ಶಕ್ತಿ ಇರಲಿಲ್ಲ. ಹಾಗೇ ಹಿಂದಕ್ಕೆ ಒರಗಿ, ಕಾಲು ಮೇಲಕ್ಕೆ ಎಳೆದುಕೊಂಡೆ. ಇಷ್ಟು ದಿನ ಬಾರದಿದ್ದ ಅಳು ಆಗ ಬಂತು. ನೋಯದ ಹಾಗೆ ಹೊಟ್ಟೆಗೆ ದಿಂಬು ಒತ್ತಿಕೊಂಡು, ಅವರಿಲ್ಲ, ಇನ್ನು ಅವರಿಲ್ಲ ಎಂದು ಗಟ್ಟಿಯಾಗಿಯೇ ಅತ್ತೆ. ಮಲಗಿಕೊಂಡೇ ಅತ್ತೆ, ಏಳಲಿಲ್ಲ.